ಭತ್ತಕ್ಕೆ ಕುಬಸ ಮಾಡಿದ ವರ್ಷ

ಮೊನ್ನೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಪಾರಿಶ್ವಾಡದ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಯಾರೋ ಒಬ್ಬರು ಒದ್ದೆ ಗೋಣಿಚೀಲವೊಂದನ್ನು ತಂದು ನನ್ನ ಬಾಜೂಕ್ಕೇ ಇಳಿಸಿದರು. ಚೀಲದ ಎಳೆಗಳ ಸಂದಿಯಿಂದ ಬಿಳಿ ಮೊಳಕೆಗಳು ಇಣುಕುತ್ತಿದ್ದವು. ಸುಗ್ಗಿಯ ಹೊತ್ತಿನ ಮಳೆಗೆ ಸಿಕ್ಕು ತೆನೆಯಲ್ಲೇ ಮೊಳೆತ ಭತ್ತ. ಅದರ ವಾಸನೆ ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಹಾಲು ಕುಡಿದ ಕೂಸಿನ ಬಾಯಿಯ ಹಾಗೆ. ಪಾಪ, ಚೀಲದವರ ಮುಖ ಬಾಡಿತ್ತು. ನನಗೋ ನಗು ಬಂತು. ಸೆರಗು ಬಾಯಿಗೆ ಹಿಡಿದು ‘ಶಿವಾ, ತಪ್ಪಾಯ್ತು’ ಅಂದುಕೊಂಡೆ.

“ಗುಂಜಿ ನೆನಪಾತೇನ್ರಿ ವೈನಿ?” ಅಂದಳು ಪಕ್ಕದಲ್ಲಿದ್ದ ಶಶಿಕಲಾ. ನನ್ನ ಗಂಡನ ತಂಗಿ. ಬೀಜದ ಶಾಸ್ತ್ರ ಓದಿ, ಅದನ್ನೇ ಕಲಿಸುತ್ತ, ಈಗ ನಿವೃತ್ತಿಯ ಅಂಚಿಗೆ ಬಂದಿದ್ದಾಳೆ. ಅವಳಿಗೂ ಆ ವಾಸನೆ ಬಡಿದಿತ್ತು.

ಎಂಬತ್ತೆರಡನೆಯ ಇಸವಿ. ನಮ್ಮ ಮನೆಯವರಿಗೆ ಗುಂಜಿಯ ಶಾಲೆಗೆ ವರ್ಗವಾಗಿ ಒಂದು ವರ್ಷ ಕಳೆದಿತ್ತು. ನಾನು ಬೆಳಗಾವಿ ಪೇಟೆಯೊಳಗೆ ಹುಟ್ಟಿ ಬೆಳೆದವಳು. ಟಾಂಗಾದ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಗುಂಜಿಯಲ್ಲಿ ಸದ್ದೆಂದರೆ ರೈಲಿನದು, ಮಳೆಯದು. ಮಳೆಯೆಂದರೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಬೇಕು, ಉಪ್ಪಿನ ಗಡಿಗೆಯಲ್ಲಿ ನೀರು ನಿಲ್ಲಬೇಕು. ಸುತ್ತ ಎಲ್ಲ ಮರಾಠಿ. ನನಗೆ ಬರುತ್ತಿದ್ದುದು ಕಾಯಿಪಲ್ಯ ಕೊಳ್ಳುವಷ್ಟು ಮರಾಠಿ ಮಾತ್ರ. ಆದರೂ ದಿನಾ ಮಲಗುವ ಮುಂಚೆ ಶಿವ ಅಂದು ಮಾಡಿದ ಸಣ್ಣ ಉಪಕಾರಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸುವುದು ನನ್ನ ರೂಢಿ. ಒಂದು ದಿನ ಬಟ್ಟೆ ಒಣಗಿದ್ದು, ಒಂದು ದಿನ ಮಗಳು ಗಿರಿಜಾ ತಾನಾಗಿ ಹಾಲು ಕುಡಿದದ್ದು. ಹಿತ್ತಲಿನ ಆಚೆಗೇ ಯೇಸೂಬಾಯಿಯ ಗದ್ದೆ ಇದ್ದದ್ದು ಎಷ್ಟು ದೊಡ್ಡ ಉಪಕಾರ ಎಂದು ಆಗ ಗೊತ್ತಿರಲಿಲ್ಲ.

ಆ ಜೂನ್ ತಿಂಗಳಲ್ಲಿ ಶಶಿ ಒಂದು ಟ್ರಂಕು, ಎರಡು ಬೀಜದ ಚೀಲ ಹಿಡಿದು ರೈಲಿನಿಂದ ಇಳಿದಳು. ಕೃಷಿ ಕಾಲೇಜಿನಲ್ಲಿ ಎಂ.ಎಸ್‌ಸಿ. ಕೊನೆಯ ವರ್ಷ. ಮುಖ ಇಷ್ಟಾಗಿತ್ತು. ಹಿಂದಿನ ವರ್ಷ ಅವಳು ಕೈಯಾರೆ ಕೂಡಿಸಿದ ಭತ್ತದ ಹೂಗಳಲ್ಲಿ ಒಂದೂ ಕಾಳು ಕಟ್ಟಿರಲಿಲ್ಲ. ಎಲ್ಲ ಜೊಳ್ಳು. ಈ ಹಂಗಾಮೂ ಜೊಳ್ಳಾದರೆ ಬರೆಯಲು ಏನೂ ಇಲ್ಲ, ಪದವಿಯೂ ಇಲ್ಲ.

“ನಿನ್ನ ಕೆಲಸ ಏನು, ನನಗ ತಿಳಿಯೂ ಹಂಗ ಹೇಳು,” ಅಂದೆ ರೊಟ್ಟಿ ತಟ್ಟುತ್ತ.

“ಯೇಸೂಬಾಯಿಯ ಕೆಂಪು ಭತ್ತ ನೋಡೀರಿಲ್ರಿ? ಕೊಯ್ಲಿನ್ಯಾಗ ಮಳಿ ಬಂದ್ರೂ ತೆನಿಯೊಳಗ ಮೊಳೆಯೂದಿಲ್ಲ. ಕಾಳು ಮಲಗಿರತೈತಿ. ಹೊಸಾ ಗಿಡ್ಡ ಭತ್ತ ಐತಿ, ಇಳುವರಿ ಛಲೋ, ಆದ್ರ ನಾಕ ಹನಿ ಬಿದ್ರ ಸಾಕು, ತೆನಿ ಮ್ಯಾಲನ ಮೊಳಕಿ. ನಾ ಕೆಂಪ ಭತ್ತದ ಪರಾಗ ಗಿಡ್ಡ ಭತ್ತದ ಹೂವಿಗೆ ಹಾಕಬೇಕ್ರಿ. ಹುಟ್ಟೂ ಕಾಳಿಗೆ ನಿದ್ದಿ ಬರತೈತೋ ಇಲ್ಲೋ, ಬಂದ್ರ ಎಷ್ಟನೇ ದಿನಕ್ಕ ಬರತೈತಿ, ಅದನ್ನ ನೋಡಬೇಕು.”

“ಅಂದ್ರ ಅಪ್ಪ ನಿದ್ದಿಬುರಕ, ಅವ್ವ ಎಚ್ಚರದಾಕಿ. ಕೂಸು ಯಾರ ಹಂಗ ಆಗತೈತಿ ಅಂತ?”

“ಹೂಂ ವೈನಿ, ಅಷ್ಟ!”

“ಅದಕ್ಕ ಎಂ.ಎಸ್‌ಸಿ. ಯಾಕವ್ವಾ? ನಮ್ಮ ಗಿರಿಜಾನ್ನ ನೋಡು, ಅಪ್ಪನ ಹಂಗ ಏಳಕ್ಕೂ ಏಳೂದಿಲ್ಲ.” ಒಳಗಿನಿಂದ ನಮ್ಮ ಮನೆಯವರು ಕೆಮ್ಮಿದರು.

ಶಶಿ ನಕ್ಕಳು. ಆಮೇಲೆ ಹೇಳಿದಳು: ಕಾಳು ತುಂಬುವಾಗ ಅದರೊಳಗೆ ಎರಡು ರಸಗಳ ಜಗ್ಗಾಟ ನಡೆಯುತ್ತದಂತೆ. ಹಾರ್ಮೋನು ಎನ್ನುತ್ತಾರೆ. ಒಂದು ‘ಏಳು’ ಅನ್ನುವುದು, ಒಂದು ‘ಇನ್ನೂ ಹೊತ್ತಾಗಿಲ್ಲ, ಮಲಗು’ ಅನ್ನುವುದು. ಮಲಗು ಅನ್ನುವ ರಸ ಹೊತ್ತಿಗೆ ಸರಿಯಾಗಿ ಏರಿದರೆ ಕಾಳು ಗಟ್ಟಿಯಾಗಿ, ಒಣಗಿ, ಮಳೆ ಬಂದರೂ ಸುಮ್ಮನಿರುತ್ತದೆ. ಯಾವುದು ಎಷ್ಟು ಏರಬೇಕು ಎನ್ನುವುದು ಅಪ್ಪ ಅವ್ವರಿಂದ ಬಂದ ಹಣೆಬರಹ. ತೊಟ್ಟಿಲ ಮುಂದೆ ಕುಳಿತ ಯಾವ ಹೆಂಗಸಿಗೂ ಇದು ಹೊಸದಲ್ಲ ಎಂದುಕೊಂಡೆ.

ಯೇಸೂಬಾಯಿ ಅರ್ಧ ಗುಂಟೆ ಬಿಟ್ಟುಕೊಟ್ಟಳು. ಗಂಡನಿಲ್ಲದೆ ಒಬ್ಬಳೇ ಗದ್ದೆ ಮಾಡುತ್ತಿದ್ದ ಮುದುಕಿ, ಕನ್ನಡವೂ ಬರುತ್ತಿತ್ತು, ಬಾಯಿ ಜೋರು. ಶಶಿ ಮೂರು ಸಲ ಸಸಿ ಎಬ್ಬಿಸಿ, ಹೂವು ಬೇರೆ ಬೇರೆ ದಿನ ಬರುವಂತೆ ಮಾಡಿ, ಎಲ್ಲವನ್ನೂ ಬೇಕಂತಲೇ ಕಲಸಿ ನೆಟ್ಟಳು. ನೆಲದ ಗುಣ ಎಲ್ಲಕ್ಕೂ ಸಮ ಸಿಗಬೇಕಂತೆ. “ಅಗ ಬಾಯಿ! ಲಗ್ನದಾಗ ಹಣಿಗೆ ಕಟ್ಟೂ ಮುಂಡಾವಳಿನೂ ಇಷ್ಟ ಲೆಕ್ಕಾ ಮಾಡಿ ಕಟ್ಟೂದಿಲ್ಲ ನಾವು,” ಅಂದಳು ಯೇಸೂಬಾಯಿ.

ಸೆಪ್ಟೆಂಬರಿನಲ್ಲಿ ಗಿಡ್ಡ ಭತ್ತ ಬಸಿರಾಯಿತು. ತೆನೆ ಹೊರಗೆ ಬರುವ ಮುಂಚೆ ದಂಟು ಉಬ್ಬುವುದಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ತೆನೆ ಹೊರಗೆ ಬಂದ ದಿನ ಶಶಿ ಸಣ್ಣ ಕತ್ತರಿ, ಸಣ್ಣ ಚಿಮುಟ ಹಿಡಿದು ಕುಳಿತಳು. ಭತ್ತದ ಒಂದೊಂದು ಹೊಟ್ಟಿನೊಳಗೂ ಒಂದು ಹೂವು, ಹೂವಿನಲ್ಲಿ ಆರು ಹಳದಿ ಕೇಸರ. ಹೊಟ್ಟಿನ ತುದಿ ಕತ್ತರಿಸಿ, ಹೂವು ತಾನಾಗಿ ಅರಳುವ ಮುಂಚೆ, ಆ ಆರನ್ನೂ ಒಡೆಯದ ಹಾಗೆ ತೆಗೆಯಬೇಕು. ನಡುವೆ ಇರುವ ಗರಿಯಂಥ ಬಸಿರಿನ ಬಾಯಿಗೆ ಚಿಮುಟ ತಾಗಿದರೆ ಮುಗಿಯಿತು, ಜೊಳ್ಳು. ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಕೆಂಪು ಭತ್ತದ ಅರಳಿದ ತೆನೆ ತಂದು ಮೇಲೆ ಝಾಡಿಸಬೇಕು. ಶಶಿ ಮೊದಲ ಮೂರು ಹೂವನ್ನೂ ಕೆಡಿಸಿದಳು. ಹಿಂದಿನ ವರ್ಷದ ಹೆದರಿಕೆ ಬೆರಳಿನಲ್ಲಿ ಕುಳಿತಿತ್ತು.

“ತಾ ಇಲ್ಲೆ,” ಅಂದೆ.

ನಾನು ಗವಲಿ ಹೊಸೆದು ಬೆಳೆದವಳು. ಮದುವೆ ಮನೆಗಳಲ್ಲಿ ಹಿಟ್ಟನ್ನು ಎರಡು ಬೆರಳ ನಡುವೆ ಜೀರಿಗೆಯಷ್ಟು ಸಣ್ಣಗೆ ಹೊಸೆದು ತಾಟು ತುಂಬುವುದು. ನಮ್ಮ ಓಣಿಯಲ್ಲಿ ನನ್ನ ಗವಲಿಗೆ ಹೆಸರಿತ್ತು. ಚಿಮುಟ ಹಿಡಿದು ಮೊದಲ ಕೇಸರ ತೆಗೆಯುವಾಗ ಬಾಯಲ್ಲಿ ತಾನಾಗಿ ‘ಓಂ’ ಬಂತು. ಎರಡನೆಯದಕ್ಕೆ ‘ನ’. ಆಮೇಲೆ ‘ಮಃ’, ‘ಶಿ’, ‘ವಾ’, ‘ಯ’. ಆರು ಅಕ್ಷರ, ಆರು ಕೇಸರ. ಮಂತ್ರ ಮುಗಿದರೆ ಹೂವು ಮುಗಿಯಿತು. ಒಂದು ಉಳಿದರೆ ನಾಲಿಗೆಗೇ ಗೊತ್ತಾಗುತ್ತಿತ್ತು.

ಯೇಸೂಬಾಯಿ ಬದುವಿನ ಮೇಲೆ ನಿಂತು ನೋಡಿದಳು. “ಏ ಮಾಸ್ತರೀಣಬಾಯಿ, ಹೂವಿನ ಗಂಡಸ್ತನ ತಗ್ಯಾಕ ದೇವರ ಹೆಸರ ಹೇಳ್ತಿ? ಪಾಪ ಹತ್ತತೈತಿ ನೋಡ!”

“ನಿಮ್ಮ ಹೋರಿಗೆ ಮಾಡಿಸಿದಾಗ ಯಾರ ಹೆಸರ ಹೇಳಿದ್ರಿ ಬಾಯಿ?” ಅಂದೆ. ಮುದುಕಿ ಬದುವಿನ ಮೇಲೆ ಕುಳಿತೇ ನಕ್ಕಳು.

ಮೂರು ವಾರ, ಬೆಳಗಿನ ಲಿಂಗಪೂಜೆ ಮುಗಿದ ಕೂಡಲೇ ಗದ್ದೆ. ತೆಗೆಯುವುದು ನಾನು. ಕಾಗದದ ಚೀಲ ತೊಡಿಸಿ, ಪರಾಗ ಝಾಡಿಸಿ, ದಾರ ಕಟ್ಟುವುದು ಶಶಿ. ಪೆನ್ಸಿಲ್ಲಿನ ಚೀಟಿ ಗುಂಜಿಯ ಮಳೆಗೆ ಎರಡು ದಿನ ತಾಳಲಿಲ್ಲ. ಅದಕ್ಕೇ ಅವಳು ಬೆಳಗಾವಿಯ ಖಡೇಬಜಾರದಿಂದ ಬಣ್ಣದ ದಾರ ತರಿಸಿದ್ದಳು. ಬಿಳಿ, ಕೆಂಪು, ಹಳದಿ, ನೀಲಿ, ಕರಿ. ಬಣ್ಣ ಯಾಕೆ ಬೇರೆ ಬೇರೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಟ್ಟು ಅರವತ್ತಮೂರು ತೆನೆ. “ಅರವತ್ತಮೂರು ಪುರಾತನರು ಬಂದು ಕುಂತಾರ, ಇನ್ನ ಜೊಳ್ಳ ಆಗೂದಿಲ್ಲ,” ಅಂದೆ. ಆಗಲಿಲ್ಲ. ಒಂದು ವಾರದಲ್ಲಿ ಕತ್ತರಿಸಿದ ಹೊಟ್ಟಿನ ತುದಿಯಿಂದ ಹಸಿರು ಕಾಳಿನ ಮೂಗು ಕಾಣಿಸಿತು. ಶಶಿ ಗದ್ದೆಯ ಕೆಸರಿನಲ್ಲೇ ನನ್ನ ಕಾಲು ಮುಟ್ಟಲು ಬಂದಳು. ಆ ರಾತ್ರಿ ಉಪಕಾರ ಎಣಿಸಲು ಬೆರಳು ಸಾಲಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಹೆಮ್ಮೆ ಚೊಕ್ಕವಾಗಿ ಇರುತ್ತಿತ್ತು.

ಸೀಗಿ ಹುಣ್ಣಿಮೆ ಬಂತು. ಅಂದು ನಮ್ಮವರು ತುಂಬಿನಿಂತ ಹೊಲವನ್ನು ಬಸುರಿ ಎಂದು ತಿಳಿದು ಬಯಕೆಯ ಊಟ ಒಯ್ಯುತ್ತಾರೆ, ಅದನ್ನೇ ಹೊಲದ ತುಂಬ ಎರಚಿ ಚರಗ ಚೆಲ್ಲುತ್ತಾರೆ. ಯೇಸೂಬಾಯಿಯವರಿಗೆ ಅದು ಕೋಜಾಗಿರಿ, ಹಾಲಿನ ಹಬ್ಬ. ಶಶಿ ತೆನೆ ಕೊಯ್ಯುವ ದಿನ ನಿಶ್ಚಯಿಸಿ ತನ್ನ ಗೈಡ್ ಸರ್ ಅವರನ್ನು ಕರೆತರಲು ಕಾಲೇಜಿಗೆ ಹೋಗಿದ್ದಳು. ನಾನು ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ, ಮೊಸರನ್ನ ಬುಟ್ಟಿಗೆ ತುಂಬಿ ಗಿರಿಜಾಳ ಕೈಹಿಡಿದು ಗದ್ದೆಗೆ ಹೋದೆ. ಚರಗ ಚೆಲ್ಲಿ ತಿರುಗಿ ನೋಡಿದರೆ ನಮ್ಮ ತೆನೆಗಳ ಕೊರಳಲ್ಲಿ ಕರಿ ದಾರ, ಬಿಳಿ ದಾರ! ಅಯ್ಯೋ ಶಿವನೇ, ತುಂಬಿದ ಬಸುರಿಗೆ ಯಾರಾದರೂ ಬಿಳಿದು ಉಡಿಸುತ್ತಾರೆಯೇ? ನಮ್ಮಲ್ಲಿ ಕುಬಸವೆಂದರೆ, ಬಸುರಿಯ ಸೀಮಂತವೆಂದರೆ, ಹಸಿರು. ಹಸಿರು ಸೀರೆ, ಹಸಿರು ಬಳೆ.

ಮನೆಗೆ ಓಡಿ ಪೆಟ್ಟಿಗೆಯಿಂದ ಹಸಿರು ದಾರದ ಉಂಡೆ ತಂದೆ. ಅದು ನನ್ನ ಎರಡನೆಯ ಕುಬಸದ ರವಿಕೆ ಹೊಲಿದು ಉಳಿದದ್ದು. ಆ ಕೂಸು ನಿಲ್ಲಲಿಲ್ಲ. ದಾರ ಹಾಗೇ ಉಳಿದಿತ್ತು, ಯಾವುದಕ್ಕೂ ಬಳಸಲು ಮನಸ್ಸಾಗಿರಲಿಲ್ಲ. ಅಂದು ಮನಸ್ಸಾಯಿತು. ಒಂದೊಂದೇ ತೆನೆಯ ದಾರ ಬಿಚ್ಚಿ ಹಸಿರು ಕಟ್ಟುತ್ತ ಹೋದೆ. ಹತ್ತು ತೆನೆ ಇರುವಾಗ ಉಂಡೆ ಮುಗಿಯಿತು. ಬಿಚ್ಚಿದ ದಾರಗಳನ್ನು ಮಾತ್ರ ಬಿಸಾಡಲಿಲ್ಲ. ಬಸುರಿಯ ಮೈಮೇಲಿನದು ಯಾರ ಕಾಲಿಗೂ ಬೀಳಬಾರದು. ಎಲ್ಲ ಮುದ್ದೆ ಮಾಡಿ ದೇವರ ಕೋಣೆಯ ಗೂಡಿನಲ್ಲಿ ಇಟ್ಟೆ.

ಮೂರನೆಯ ದಿನ ಶಶಿ ಸರ್ ಅವರನ್ನು ಕರೆದುಕೊಂಡು ಬಂದಳು. ನೆರೆಗೂದಲಿನ, ಕಡಿಮೆ ಮಾತಿನ ಮನುಷ್ಯ. ನಾನು ಚಹಾ ಹಿಡಿದು ಗದ್ದೆಗೆ ಹೋಗುವ ಹೊತ್ತಿಗೆ ಶಶಿ ಬದುವಿನ ಮೇಲೆ ಕುಕ್ಕರಿಸಿದ್ದಳು.

“ವೈನಿ, ದಾರ ಎಲ್ಲಿ ಹೋದೂ?”

“ಹಸರು ಕಟ್ಟೇನಲ್ಲ. ಸೀಗಿ ಹುಣ್ಣಿವಿ ಇತ್ತು, ಕುಬಸ ಮಾಡಿದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಬಣ್ಣ ಅಂದ್ರ ದಿನ ಇತ್ರಿ ವೈನಿ. ಮೊದಲ ಕೂಡಿಸಿದ್ದಕ್ಕ ಬಿಳಿ, ಕಡೀಕ ಕೂಡಿಸಿದ್ದಕ್ಕ ಕರಿ. ಯಾವ ಕಾಳಿಗೆ ಎಷ್ಟ ದಿನ ಅನ್ನೂದು ಅದರಾಗಷ್ಟ ಇತ್ತು,” ಎಂದು ಮೆಲ್ಲಗೆ ಹೇಳಿ ಮುಖ ಮುಚ್ಚಿಕೊಂಡಳು. ನಿದ್ದೆ ಎಷ್ಟನೇ ದಿನ ಬರುತ್ತದೆ ಎನ್ನುವುದೇ ಅವಳ ಪ್ರಶ್ನೆ. ದಿನವನ್ನೇ ನಾನು ಬಿಚ್ಚಿ ಗೂಡಿನಲ್ಲಿಟ್ಟಿದ್ದೆ.

ಯೇಸೂಬಾಯಿ ಆಗಲೇ ಬಂದು ನಿಂತಿದ್ದಳು. “ಅಷ್ಟಕ್ಕ ಯಾಕ ಅಳ್ತಿ ಪೋರಿ? ಒತ್ತಿ ನೋಡಿದ್ರ ತಿಳಿತೈತಿ. ಎಷ್ಟ ದಿನದ ಕಾಳ ಅಂತ ಗಿಳಿಗೂ ಗೊತ್ತಿರತೈತಿ.”

ಆ ಮಾತು ನನಗೆ ಉಸಿರು ತಂದಿತು. ಗಿಳಿಗೆ ಕೊಕ್ಕಿದ್ದರೆ ನನಗೆ ಬೆರಳಿಲ್ಲವೇ? “ಸರ್, ಉಗುರಿಲೆ ಒತ್ತಿ ನೋಡಿ ಹೇಳ್ತೀನ್ರಿ. ನನಗ ದಿನ ತಿಳಿಯೂದಿಲ್ಲ. ಹಾಲೋ, ಗಿಣ್ಣವೋ, ಖವಾನೋ, ಕಣಕೋ, ಗಟ್ಟಿ ಕಾಳೋ, ಅಷ್ಟ ತಿಳೀತೈತಿ.”

ಸರ್ ನನ್ನನ್ನೇ ನೋಡಿದರು. “ಅಕ್ಕಾರ, ಬೆರಳ ಹೇಳಿದ್ದನ್ನ ನಾ ಪುಸ್ತಕದಾಗ ಬರ್ಯಾಕ ಬರೂದಿಲ್ಲ. ಪರೀಕ್ಷಾ ಮಾಡಬೇಕಾಗತೈತಿ.”

“ಮಾಡ್ರಿ. ನಾ ಏಳನೇತ್ತ ಪಾಸ್ ಆದಾಕಿ, ಪರೀಕ್ಷಾಕ್ಕ ಹೆದರೂದಿಲ್ಲ,” ಅಂದೆ.

ಹಸಿರು ದಾರ ಸಾಲದೆ ಉಳಿದ ಹತ್ತು ತೆನೆಗಳಿದ್ದವಲ್ಲ, ಅವುಗಳ ಬಣ್ಣ ಹಾಗೇ ಇತ್ತು. ಸರ್ ನನ್ನನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಹತ್ತರ ದಾರಕ್ಕೂ ಕಾಗದ ಸುತ್ತಿದರು. ಆಮೇಲೆ ಕರೆದರು. ನಾನು ವಿಭೂತಿ ಹಚ್ಚಿದ ಹಣೆಯನ್ನು ಒಮ್ಮೆ ಮುಟ್ಟಿಕೊಂಡು ಮೊದಲ ತೆನೆ ಹಿಡಿದೆ. ಕಾಳಿನ ಮೂಗಿಗೆ ಉಗುರು ಒತ್ತಿದೆ. ಕಾಯಿಸಿ ಗಟ್ಟಿ ಮಾಡಿದ ಹಾಲಿನ ಹಾಗೆ ಮೆತ್ತಗೆ ಒಳಗೆ ಹೋಗಿ, ಹೋದ ಗುರುತು ಹಾಗೇ ನಿಂತಿತು. “ಖವಾ.” ಮುಂದಿನದು ಪಿಚಕ್ಕೆಂದು ಬೆಳ್ಳಗೆ ಚಿಮ್ಮಿತು. “ಹಾಲು.” ಅದರ ಮುಂದಿನದು ಅಂಟಂಟು, ಎಳೆ ಬಂತು. “ಗಿಣ್ಣ.” ಮುಂದಿನದು ಹೋಳಿಗೆಯ ಹಿಟ್ಟಿನ ಹಾಗೆ ಉಗುರನ್ನು ಎದುರು ತಳ್ಳಿತು. “ಕಣಕ.” ಮತ್ತೊಂದಕ್ಕೆ ಉಗುರು ಜಾರಿತು. “ಕಾಳ್ರಿ. ಇದನ್ನ ಕುಟ್ಟಬಹುದು.”

ಹತ್ತೂ ಮುಗಿದ ಮೇಲೆ ಸರ್ ಕಾಗದ ಬಿಚ್ಚುತ್ತ ಹೋದರು. ಹಾಲೆಂದದ್ದೆಲ್ಲ ಕರಿ. ಗಿಣ್ಣವೆಲ್ಲ ನೀಲಿ. ಖವಾ ಹಳದಿ, ಕಣಕ ಕೆಂಪು, ಕಾಳು ಬಿಳಿ. ಒಂದೂ ತಪ್ಪಿರಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಆಮೇಲೆ ಹಸಿರು ದಾರದ ಐವತ್ತಮೂರು ತೆನೆ. ಕೊಯ್ದು ತಂದು ನಮ್ಮ ಪಡಸಾಲೆಯಲ್ಲಿ ಐದು ತಾಟಿಗೆ ಹಾಕುತ್ತ ಹೋದೆ. ಒಂದು ತೆನೆ ಮಾತ್ರ ಕೈಯಲ್ಲಿ ನಿಂತಿತು. ಒತ್ತಿದೆ, ಮತ್ತೆ ಒತ್ತಿದೆ. ಖವಾ ಎನ್ನಲೇ, ಕಣಕ ಎನ್ನಲೇ? “ಇದು ನನಗ ತಿಳೀಲಿಲ್ರಿ ಸರ್,” ಎಂದು ಬೇರೆ ಇಟ್ಟೆ.

ದೇವರ ಗೂಡಿನಿಂದ ದಾರದ ಮುದ್ದೆ ತಂದು ಬಿಡಿಸಿದರು. ತಾಟಿನ ತೆನೆ ಒಂದು ಕಡೆ, ಅದರ ಬಣ್ಣದ ದಾರ ಒಂದು ಕಡೆ. ಕರಿ ಒಂಬತ್ತು, ಹಾಲು ಒಂಬತ್ತು. ನೀಲಿ ಹನ್ನೊಂದು, ಗಿಣ್ಣ ಹನ್ನೊಂದು. ಕೆಂಪು ಹನ್ನೆರಡು, ಕಣಕ ಹನ್ನೆರಡು. ಬಿಳಿ ಹನ್ನೊಂದು, ಕಾಳು ಹನ್ನೊಂದು. ಹಳದಿ ದಾರ ಹತ್ತಿದ್ದವು, ಖವಾದ ತಾಟಿನಲ್ಲಿ ಒಂಬತ್ತೇ ತೆನೆ. ಹತ್ತನೆಯದು ನಾನು ತಿಳಿಯಲಿಲ್ಲ ಎಂದದ್ದು.

ಸರ್ ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು. “ಇದನ್ನ ಲೆಕ್ಕಕ್ಕ ಹಿಡಿಯೂದು ಬ್ಯಾಡ. ಅಕ್ಕಾರ, ಹತ್ತಕ್ಕ ಹತ್ತ ಹೇಳಿದಾಗ ನನಗ ಆಶ್ಚರ್ಯ ಆತು. ಇದು ತಿಳೀಲಿಲ್ಲ ಅಂದ್ರಲ್ಲ, ಆವಾಗ ನಂಬಿಕಿ ಬಂತು.”

ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ, ಎಲ್ಲರೆದುರು, “ಚಹಾ ನಾ ಮಾಡ್ತೀನಿ, ನೀ ಕುಂದರು,” ಅಂದರು. ಸಕ್ಕರೆ ಹಾಕಲು ಮರೆತಿದ್ದರು. ಎಲ್ಲರೂ ಕುಡಿದರು.

ಐದು ತಾಟಿನಲ್ಲೂ ಒದ್ದೆ ಅರಿವೆ ಹಾಸಿ, ಮಡಕಿ ಕಾಳು ಮೊಳಕೆಗೆ ಇಡುವ ಹಾಗೆ, ಒಲೆಯ ಬೆಚ್ಚಗಿನ ಬಾಜೂಕ್ಕೆ ಏಳು ದಿನ ಇಟ್ಟೆವು. ಜೊತೆಗೆ ಗಿಡ್ಡ ಭತ್ತದ್ದೇ ಬೇರೆ ತೆನೆಗಳು ಆರನೆಯ ತಾಟಿನಲ್ಲಿ. ಆರನೆಯ ತಾಟು ಬ್ರಶ್ಶಿನ ಹಾಗೆ ಎದ್ದಿತು. ನಮ್ಮ ಕೂಸುಗಳಲ್ಲಿ ಹಾಲಿನವು ಇನ್ನೂ ಎಳೆಯವು, ಏನೂ ಆಗದೆ ಕೊಳೆತವು. ಗಿಣ್ಣ, ಖವಾ ಮೊಳೆತವು. ಕಣಕದಲ್ಲಿ ಕೆಲವಷ್ಟೇ. ಗಟ್ಟಿ ಕಾಳಿನ ತಾಟಿನಲ್ಲಿ ಏಳನೆಯ ದಿನವೂ ಬಿಳಿ ಚುಕ್ಕೆಯಿಲ್ಲ. ಮನೆಯೆಲ್ಲ ಆ ಸಿಹಿ ಹುಳಿ ವಾಸನೆ.

“ಅಪ್ಪನ ನಿದ್ದಿ ಬಂದೈತ್ರಿ ವೈನಿ! ಖವಾ ದಾಟಿ ಕಣಕ ಆಗೂ ಹೊತ್ತಿನ್ಯಾಗ ಬಂದೈತಿ!” ಎಂದು ಶಶಿ ಅಡುಗೆಮನೆಯಲ್ಲೇ ಕುಣಿದಳು.

“ಮಲಗ್ಯಾವೋ, ಸತ್ತಾವೋ?” ನಾನು ಕೇಳಿದೆ. ಆ ಪ್ರಶ್ನೆ ನನ್ನಿಂದಲೇ ಬರಬೇಕಿತ್ತು ಅನ್ನಿಸುತ್ತದೆ.

ಮಳೆ ಬಿಟ್ಟ ಮೇಲೆ ಅವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ತಿಂಗಳು ಬಿಟ್ಟು ಮತ್ತೆ ನೆನೆಹಾಕಿದೆವು. ನಾಲ್ಕನೆಯ ದಿನ ಬೆಳಿಗ್ಗೆ ಅರಿವೆ ಎತ್ತಿದರೆ ತಾಟಿನ ತುಂಬ ಮೊಳಕೆ. ಸತ್ತಿರಲಿಲ್ಲ, ಮಲಗಿದ್ದವು. ಗಿರಿಜಾಳನ್ನು ಎಬ್ಬಿಸಿ ತೋರಿಸಿದೆ.

ಶಶಿಗೆ ಪದವಿ ಬಂತು, ಕೆಲಸ ಬಂತು. ದಾರದ ಕಥೆ ನಾವು ಯಾರಿಗೂ ಹೇಳಲಿಲ್ಲ. ಹೇಳಿದರೆ ಜಂಬ ಎನ್ನುತ್ತಾರೆ. ಈಗ ಎನ್ನಲಿ, ವಯಸ್ಸಾಯಿತು. ಆ ಹತ್ತು ತೆನೆಗೆ ಸಾಲದೆ ಹೋದ ದಾರವನ್ನು ನಾನು ಇಂದಿಗೂ ಶಿವನ ಉಪಕಾರಗಳಲ್ಲಿ ಮೊದಲ ಗೆಣ್ಣಿಗೆ ಎಣಿಸುತ್ತೇನೆ.

ಮೊನ್ನೆ ಬಸ್ಸು ಬಂತು, ಪಾರಿಶ್ವಾಡ ಮುಟ್ಟಿದೆವು. ಅಲ್ಲಿ ಒಬ್ಬರ ತಡವಾಗಿ ನೆಟ್ಟ ಗದ್ದೆಯಲ್ಲಿ ಶಶಿಯ ವಿದ್ಯಾರ್ಥಿನಿಯರು ಭತ್ತ ಕೂಡಿಸುವ ಕೆಲಸ ಮಾಡುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಟಿ, ಮಳೆಗೆ ಅಳಿಯದ ಅಕ್ಷರ. ಆದರೆ ಪ್ರತಿ ಸಾಲಿನ ಮೊದಲ ಗಿಡಕ್ಕೆ ಒಂದು ಹಸಿರು ದಾರ. ಅಲ್ಲಿದ್ದ ಹುಡುಗಿಯನ್ನು ಕೇಳಿದೆ, “ಇದು ಯಾವ ದಿನದ ಗುರ್ತವ್ವಾ?”

“ದಿನದ್ದಲ್ರಿ ಅಜ್ಜಿ. ಇದನ್ನ ಹಂಗ ಕಟ್ಟೂದು. ಮೇಡಂ ಮೊದಲಿಂದ ಕಟ್ಟಸ್ತಾರ. ಯಾಕ ಅಂತ ಹೇಳಿಲ್ಲ. ಕಟ್ಟಲಿಲ್ಲ ಅಂದ್ರ ಕಾಳ ತುಂಬೂದಿಲ್ಲ ಅಂತ ನಮ್ಮ ಸೀನಿಯರ್ ಹೇಳ್ಯಾರ್ರಿ.”

ಶಶಿ ಆ ಕಡೆ ತಿರುಗಿ ಏನೋ ನೋಡುತ್ತಿದ್ದ ಹಾಗೆ ಮಾಡಿದಳು.

“ಗಂಟ ಸಡ್ಲ ಕಟ್ಟೀಯವ್ವ, ತಾ ಇಲ್ಲೆ,” ಅಂದು ನಾನು ಕೆಸರಿಗಿಳಿದೆ. ಬಿಚ್ಚಿ ಮತ್ತೆ ಸುತ್ತತೊಡಗಿದೆ, ಒಂದು ಸುತ್ತಿಗೆ ಒಂದು ಅಕ್ಷರ. ಆರನೆಯ ಸುತ್ತಿಗೆ ಗಂಟು ಬಿಗಿಯಿತು.